ವೀಸಾಕ್ಕೆ ಜಂಟಿ ಖಾತೆಯಿಲ್ಲ

ಬ್ಯಾಂಕಿನಲ್ಲಿ ಗಂಡ ಹೆಂಡತಿ ಸೇರಿ ಒಂದೇ ಖಾತೆ ತೆರೆಯಬಹುದು. ಅದನ್ನು ಜಂಟಿ ಖಾತೆ ಎನ್ನುತ್ತಾರೆ. ಇಬ್ಬರಲ್ಲಿ ಯಾರು ಬಂದು ಸಹಿ ಹಾಕಿದರೂ ಹಣ ಸಿಗುವಂತೆ ಮಾಡಿಕೊಳ್ಳಬಹುದು. ಗುಮಾಸ್ತನಾಗಿ ಕೌಂಟರಿನ ಹಿಂದೆ ಕುಳಿತು ಇಂಥ ನೂರಾರು ಅರ್ಜಿಗಳನ್ನು ನಾನು ನೋಡಿದ್ದೇನೆ. ಮದುವೆಯಾದ ಮೇಲೆ ಮನೆ ಒಂದು, ಗ್ಯಾಸ್ ಸಿಲಿಂಡರ್ ಒಂದು, ರೇಷನ್ ಕಾರ್ಡೂ ಒಂದು. ಆದರೆ ಗಂಡ ಒಂದು ದೇಶದವನು, ಹೆಂಡತಿ ಇನ್ನೊಂದು ದೇಶದವಳು ಆಗಿದ್ದು, ಇಬ್ಬರೂ ಕೂಡಿ ವಿದೇಶ ಪ್ರವಾಸಕ್ಕೆ ಹೊರಟರೆ ಒಂದು ಮಾತು ಬೇಗ ತಿಳಿಯುತ್ತದೆ. ವೀಸಾಕ್ಕೆ ಮಾತ್ರ ಜಂಟಿ ಖಾತೆಯಿಲ್ಲ!

ನಮ್ಮ ಮಗಳು ಭಾರತದ ಪ್ರಜೆ. ಅಳಿಯ ಜರ್ಮನಿಯವರು. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಮೊಮ್ಮಗ ಹುಟ್ಟಿದ್ದು ಜರ್ಮನಿಯಲ್ಲಿ. ಅಪ್ಪನಂತೆ ಅವನದೂ ಜರ್ಮನಿಯ ಪಾಸ್‌ಪೋರ್ಟ್. ಎರಡು ದೇಶಗಳ ಪೌರತ್ವ ಇಟ್ಟುಕೊಳ್ಳಲು ನಮ್ಮ ಕಾನೂನು ಒಪ್ಪುವುದಿಲ್ಲ. ಅದಕ್ಕೇ ಅಪ್ಪ, ಮಗ ಇಬ್ಬರೂ ಓಸಿಐ ಕಾರ್ಡ್ ಮಾಡಿಸಿಕೊಂಡಿದ್ದಾರೆ. ಭಾರತೀಯರನ್ನು ಮದುವೆಯಾದ ವಿದೇಶಿಯರು, ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದ ಮೇಲೆ, ಈ ಕಾರ್ಡಿಗೆ ಅರ್ಜಿ ಹಾಕಬಹುದು. ಆಮೇಲೆ ಪ್ರತಿ ಸಲ ವೀಸಾ ಕೇಳದೆ ಭಾರತಕ್ಕೆ ಬಂದು ಹೋಗಬಹುದು. ಹೆಸರಿನಲ್ಲಿ ‘ಸಿಟಿಜನ್’ ಎಂಬ ಪದವಿದ್ದರೂ ಅದು ಪೌರತ್ವವಲ್ಲ. ಮೂರನೆಯ ದೇಶದ ಬಾಗಿಲಲ್ಲಿ ಅದನ್ನು ತೋರಿಸಿ ಪ್ರಯೋಜನವಿಲ್ಲ.

ಮೊಮ್ಮಗ ಒಮ್ಮೆ ನನ್ನನ್ನು ಕೇಳಿದ: “ತಾತ, ಅಪ್ಪ ಅಮ್ಮ ಒಟ್ಟಿಗೇ ಹೋಗ್ತಾರೆ ಅಲ್ವಾ? ಅಪ್ಪಂಗೆ ಬೇಡದ ವೀಸಾ ಅಮ್ಮಂಗೆ ಮಾತ್ರ ಯಾಕೆ?”

ಮಕ್ಕಳೇ, ನಿಮಗೂ ಈ ಪ್ರಶ್ನೆ ಬಂದಿರಬಹುದು. ಪಾಸ್‌ಪೋರ್ಟ್ ನಮ್ಮ ದೇಶ ನಮಗೆ ಕೊಡುವ ಪುಸ್ತಕ. ‘ಇವರು ನಮ್ಮವರು’ ಎಂದು ಅದು ಹೇಳುತ್ತದೆ. ವೀಸಾ ಇನ್ನೊಂದು ದೇಶ ಕೊಡುವ ಅನುಮತಿ. ‘ಇವರು ಬರಲಿ, ಇಷ್ಟು ದಿನ ಇರಲಿ’ ಎಂದು ಅದು ಹೇಳುತ್ತದೆ. ಯಾವ ದೇಶದವರಿಗೆ ವೀಸಾ ಬೇಕು, ಯಾರಿಗೆ ಬೇಡ ಎನ್ನುವುದು ಆಯಾ ದೇಶ ತೀರ್ಮಾನಿಸುವ ಮಾತು, ಕೆಲವೊಮ್ಮೆ ದೇಶದೇಶಗಳ ನಡುವಿನ ಒಪ್ಪಂದದ ಮಾತು. ಗಡಿಯಲ್ಲಿ ಕುಳಿತ ಅಧಿಕಾರಿ ನೋಡುವುದು ಕೈಯಲ್ಲಿರುವ ಪುಸ್ತಕವನ್ನು, ಕೊರಳಲ್ಲಿರುವ ತಾಳಿಯನ್ನಲ್ಲ.

ಯುರೋಪಿನ ಉದಾಹರಣೆ ನೋಡಿ. ಲಕ್ಸೆಂಬರ್ಗ್ ದೇಶದಲ್ಲಿ ಷೆಂಗೆನ್ ಎಂಬ ಚಿಕ್ಕ ಊರಿದೆ. 1985ರ ಜೂನ್ 14ರಂದು ಅಲ್ಲಿ ಮೊಸೆಲ್ ನದಿಯ ಒಂದು ಹಡಗಿನಲ್ಲಿ ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತಹಂತವಾಗಿ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಈಗ ಆ ಕೂಟದಲ್ಲಿ 29 ದೇಶಗಳಿವೆ. ಒಂದು ಷೆಂಗೆನ್ ವೀಸಾ ಪಡೆದರೆ ಅಷ್ಟೂ ದೇಶ ಸುತ್ತಬಹುದು. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು.

ನಮ್ಮ ಅಳಿಯನಿಗೆ ಇದಾವುದೂ ಬೇಕಿಲ್ಲ. ಭಾರತದ ಪಾಸ್‌ಪೋರ್ಟಿನವರು ಮಾತ್ರ ಪ್ರಯಾಣಕ್ಕೆ ಕಡಿಮೆಯೆಂದರೆ 15 ದಿನ ಮೊದಲು ಅರ್ಜಿ ಕೊಡಬೇಕು. ಆರು ತಿಂಗಳಿಗಿಂತ ಮುಂಚೆ ಕೊಟ್ಟರೂ ಆಗದು. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಕಡಿಮೆಯೆಂದರೆ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕು. ಉಳಿಯುವ ಜಾಗ, ಬ್ಯಾಂಕಿನ ಲೆಕ್ಕ, ವಾಪಸು ಬರುವ ಟಿಕೆಟ್, ಬೆರಳಚ್ಚು, ಎಲ್ಲವೂ ಬೇಕು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೇವೆಯೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಪ್ರವಾಸಕ್ಕೆ ಹೋಗುವವರು ಇಷ್ಟು ಓಡಾಡಿದರೆ ನಷ್ಟವೇನಿಲ್ಲ. ಆದರೆ ಬದುಕಿನಲ್ಲಿ ಎಲ್ಲ ಪ್ರಯಾಣವೂ 15 ದಿನ ಮೊದಲೇ ಹೇಳಿ ಬರುವುದಿಲ್ಲ. 2023ರಲ್ಲಿ ನಮ್ಮ ಬೀಗರಿಗೆ, ಎಂದರೆ ಅಳಿಯನ ತಂದೆಗೆ, ಇದ್ದಕ್ಕಿದ್ದಂತೆ ಹುಷಾರು ತಪ್ಪಿತು. ಸುದ್ದಿ ಬಂದದ್ದು ಶುಕ್ರವಾರ ಸಂಜೆ. ಅಳಿಯ ಮಗನನ್ನು ಕರೆದುಕೊಂಡು ಅದೇ ರಾತ್ರಿ ವಿಮಾನ ಹತ್ತಿದರು. ಮಗಳ ಹಳೆಯ ವೀಸಾ ಅವಧಿ ಮುಗಿದಿತ್ತು. ಶನಿವಾರ, ಭಾನುವಾರ ಕಚೇರಿಗೆ ರಜೆ. ತುರ್ತು ಅರ್ಜಿಗೆ ಅವಕಾಶವಿದೆ, ಆದರೆ ಅದಕ್ಕೂ ಕಾಗದ ಬೇಕು, ದಿನ ಬೇಕು. ಅವಳ ಕೈಗೆ ವೀಸಾ ಬರುವ ಹಿಂದಿನ ದಿನವೇ ಬೀಗರು ಹೋಗಿಬಿಟ್ಟರು. ಮಣ್ಣು ಮಾಡುವ ದಿನಕ್ಕೆ ತಲುಪಿದಳು. ಮಾವನ ಮುಖ ನೋಡಲಾಗಲಿಲ್ಲ. ಅವರಿಗೆ ಇವಳು ಮಾಡುವ ಉಪ್ಪಿಟ್ಟು ಬಹಳ ಇಷ್ಟವಾಗಿತ್ತು.

ಆಗ ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ, “ಮದುವೆ ದಿನವೇ ಹುಡುಗಿಗೆ ಗಂಡನ ದೇಶದ ಪುಸ್ತಕ ಕೊಟ್ಟುಬಿಟ್ಟಿದ್ರೆ ಈ ಪಾಡು ಇರ್ತಿತ್ತಾ?” ಎಂದಳು. ಕೇಳುವುದಕ್ಕೆ ನ್ಯಾಯದ ಮಾತು. ಆದರೆ ಪ್ರಪಂಚದಲ್ಲಿ ಅಂಥ ಕಾಲವೂ ಒಂದಿತ್ತು. ಅದು ಹೆಣ್ಣುಮಕ್ಕಳಿಗೆ ಒಳ್ಳೆಯದಾಗಿರಲಿಲ್ಲ.

ಅಮೆರಿಕದಲ್ಲಿ 1907ರ ಕಾನೂನಿನ ಪ್ರಕಾರ ವಿದೇಶಿಯನನ್ನು ಮದುವೆಯಾದ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ ಎಥೆಲ್ ಮೆಕೆಂಜಿ ಎಂಬಾಕೆ 1909ರಲ್ಲಿ ಬ್ರಿಟಿಷ್ ಗಾಯಕರೊಬ್ಬರನ್ನು ಮದುವೆಯಾದರು. ಊರು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಆದರೂ ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಕೇಳಿದಾಗ ‘ನೀವು ಈ ದೇಶದವರಲ್ಲ’ ಎಂಬ ಉತ್ತರ ಬಂತು. 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ತೀರ್ಪು ಕೊಟ್ಟಿತು. 1922ರಲ್ಲಿ ಕಾನೂನು ಬದಲಾಯಿತು, ಆದರೆ ಪೂರ್ತಿಯಾಗಿ ಅಲ್ಲ. ಅಮೆರಿಕದ ಪೌರತ್ವ ಪಡೆಯಲು ಅರ್ಹರಲ್ಲದ ಏಷ್ಯಾದವರನ್ನು ಮದುವೆಯಾದರೆ ಹಳೆಯ ಶಿಕ್ಷೆಯೇ ಉಳಿಯಿತು. ಭಾರತೀಯರೂ ಆ ಪಟ್ಟಿಗೆ ಸೇರಿದವರೆಂದು 1923ರಲ್ಲಿ ಕೋರ್ಟ್ ಹೇಳಿತು. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ ತಾರಕನಾಥ ದಾಸ್ ಅವರನ್ನು ಮದುವೆಯಾದ ಅಮೆರಿಕದ ಮೇರಿ ದಾಸ್ ಹೀಗೆ ತಮ್ಮ ತಾಯ್ನಾಡಿನ ಪೌರತ್ವವನ್ನೇ ಕಳೆದುಕೊಂಡರು. ಬ್ರಿಟನ್ನಿನ ಹೆಣ್ಣುಮಕ್ಕಳಿಗೆ ಈ ಭಯ ಪೂರ್ತಿ ತಪ್ಪಿದ್ದು 1948ರ ಕಾನೂನು ಬಂದ ಮೇಲೆ. 1957ರಲ್ಲಿ ವಿಶ್ವಸಂಸ್ಥೆ, ಮದುವೆಯೊಂದರಿಂದಲೇ ಹೆಣ್ಣಿನ ಪೌರತ್ವ ತಾನಾಗಿ ಬದಲಾಗಬಾರದು ಎಂಬ ಒಪ್ಪಂದವನ್ನು ಅಂಗೀಕರಿಸಿತು.

ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ಎರಡು ಪುಸ್ತಕವೇ ಇರಲಿ ಬಿಡಿ, ನಮ್ಮ ಹುಡುಗಿ ನಮ್ಮವಳಾಗೇ ಇರಲಿ” ಎಂದಳು. ನನಗೂ ಹಾಗೆಯೇ ಅನ್ನಿಸುತ್ತದೆ. ಮನೆಯಲ್ಲಿ ಎರಡು ಬಣ್ಣದ ಪಾಸ್‌ಪೋರ್ಟ್ ಇರುವುದೆಂದರೆ ಇಬ್ಬರಿಗೂ ಅವರವರ ಹೆಸರು, ಅವರವರ ದೇಶ ಉಳಿದಿದೆ ಎಂದರ್ಥ. ಅದಕ್ಕೆ ತಕ್ಕ ಸಿದ್ಧತೆಯನ್ನು ನಾವೇ ಮಾಡಿಕೊಳ್ಳಬೇಕು.

ಕಾನೂನಿನಲ್ಲಿ ಕೆಲವು ಅನುಕೂಲಗಳೂ ಇವೆ. ಯುರೋಪ್ ಒಕ್ಕೂಟದ 2004ರ ನಿಯಮದಂತೆ, ಒಕ್ಕೂಟದ ಪ್ರಜೆಯೊಬ್ಬರು ತಮ್ಮ ದೇಶ ಬಿಟ್ಟು ಒಕ್ಕೂಟದ ಇನ್ನೊಂದು ದೇಶಕ್ಕೆ ಹೋಗುವಾಗ, ಜೊತೆಗೆ ಬರುವ ವಿದೇಶಿ ಹೆಂಡತಿ ಅಥವಾ ಗಂಡನಿಗೆ ವೀಸಾ ಬೇಕಾದರೂ ಶುಲ್ಕವಿಲ್ಲ. ಅರ್ಜಿಯನ್ನು ಬೇಗ ನೋಡಬೇಕು. 2024ರ ಬೇಸಿಗೆಯಲ್ಲಿ ಮೂವರೂ ಆಸ್ಟ್ರಿಯಾಕ್ಕೆ ಹೋದಾಗ ಮಗಳಿಗೆ ಹೀಗೆ ಶುಲ್ಕವಿಲ್ಲದ ವೀಸಾ ಸಿಕ್ಕಿತು. ವಿಚಿತ್ರ ನೋಡಿ, ಗಂಡನ ಸ್ವಂತ ದೇಶಕ್ಕೆ ಹೋಗುವಾಗ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿಗೆ ಆ ದೇಶದ್ದೇ ನಿಯಮ ನೋಡಬೇಕು. ಅತ್ತೆ ಮನೆಗೆ ಒಂದು ದಾರಿ, ಪಕ್ಕದ ಮನೆಗೆ ಇನ್ನೊಂದು ದಾರಿ!

2024ರ ಏಪ್ರಿಲ್‌ನಲ್ಲಿ ಭಾರತದಲ್ಲಿ ವಾಸಿಸುವ ಭಾರತೀಯರಿಗೆ ಇನ್ನೊಂದು ಅನುಕೂಲ ಬಂತು. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ನಿಯಮದಂತೆ ಬಳಸಿದ್ದರೆ ಎರಡು ವರ್ಷದ ವೀಸಾ ಸಿಗಬಹುದು, ಅದಾದ ಮೇಲೆ ಐದು ವರ್ಷದ್ದು. ಮಗಳಿಗೆ ಈಗ ಎರಡು ವರ್ಷದ ವೀಸಾ ಸಿಕ್ಕಿದೆ. ರಾತ್ರಿ ಫೋನ್ ಬಂದರೆ ಬೆಳಿಗ್ಗೆ ಹೊರಡಬಹುದು. ಅಲ್ಲಿ ಅವಳ ಅತ್ತೆ ಒಬ್ಬರೇ ಇದ್ದಾರೆ.

ಯಾವ ಪಾಸ್‌ಪೋರ್ಟ್ ಗಟ್ಟಿ, ಯಾವುದು ಸಪ್ಪೆ ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ. ಅದು ಯಾವ ಬಾಗಿಲ ಮುಂದೆ ನಿಂತಿದ್ದೇವೆ ಎನ್ನುವುದರ ಮೇಲಿದೆ. ಕಳೆದ ದಸರಾ ರಜೆಯಲ್ಲಿ ನಾವು ಐವರೂ ನೇಪಾಳಕ್ಕೆ ಹೋಗಿದ್ದೆವು. 1950ರ ಸ್ನೇಹ ಒಪ್ಪಂದದ ಕಾಲದಿಂದ ನಮಗೂ ಅವರಿಗೂ ವೀಸಾ ಎಂಬುದಿಲ್ಲ. ಮಗಳು ಪಾಸ್‌ಪೋರ್ಟ್ ತೋರಿಸಿದಳು. ಚುನಾವಣಾ ಗುರುತಿನ ಚೀಟಿ ಇದ್ದರೂ ಸಾಕಿತ್ತು. 65 ದಾಟಿದ ಮತ್ತು 15 ತುಂಬದ ಭಾರತೀಯರಿಗೆ ಆಧಾರ್ ಕಾರ್ಡೂ ನಡೆಯುತ್ತದೆ. ಆದ್ದರಿಂದ ನನಗೂ ನನ್ನ ಹೆಂಡತಿಗೂ ಆಧಾರ್ ಕಾರ್ಡೇ ಸಾಕಾಯಿತು. ಜರ್ಮನಿಯ ಪಾಸ್‌ಪೋರ್ಟ್ ಹಿಡಿದ ಅಳಿಯ ಮಾತ್ರ ಕಠ್ಮಂಡುವಿನ ವಿಮಾನ ನಿಲ್ದಾಣದಲ್ಲಿ ಫಾರಂ ತುಂಬಿ, 15 ದಿನದ ವೀಸಾಕ್ಕೆ 30 ಡಾಲರ್ ಕಟ್ಟಿ, ಉದ್ದದ ಸಾಲಿನಲ್ಲಿ ನಿಂತರು. ಹತ್ತು ವರ್ಷ ತುಂಬದ ಮೊಮ್ಮಗನಿಗೆ ಶುಲ್ಕವಿಲ್ಲ, ಸಾಲು ಮಾತ್ರ ತಪ್ಪಲಿಲ್ಲ. ಈಚೆ ನಿಂತ ಅಮ್ಮನನ್ನು ನೋಡಿ ಅವನು, “ಇವತ್ತು ನಿಂದೇ ಸ್ಟ್ರಾಂಗ್ ಅಮ್ಮಾ!” ಎಂದು ಕೂಗಿದ. ಅಲ್ಲಿದ್ದವರೆಲ್ಲ ನಕ್ಕರು.

ಇಂಥ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಇರುವ ನನ್ನ ವಾರಿಗೆಯವರಿಗೆ ಒಂದೆರಡು ಮಾತು. ಟಿಕೆಟ್ ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಗೆರೆ ಎಳೆದು, ಪ್ರತಿಯೊಬ್ಬರ ಹೆಸರಿನ ಮುಂದೆ ಯಾವ ದೇಶದ ಪಾಸ್‌ಪೋರ್ಟ್, ಅವಧಿ ಎಂದಿಗೆ ಮುಗಿಯುತ್ತದೆ, ಹೋಗುವ ದೇಶಕ್ಕೆ ವೀಸಾ ಬೇಕೇ ಎಂದು ಬರೆಯಿರಿ. ನಡುವೆ ವಿಮಾನ ಬದಲಿಸುವ ದೇಶವನ್ನೂ ಬಿಡಬೇಡಿ, ಕೆಲವು ಕಡೆ ಅದಕ್ಕೂ ವೀಸಾ ಬೇಕು. ನಿಯಮವನ್ನು ಆಯಾ ದೇಶದ ಸರ್ಕಾರಿ ಮಾಹಿತಿಯಲ್ಲೇ ನೋಡಿ, ಏಕೆಂದರೆ ಇವು ಆಗಾಗ ಬದಲಾಗುತ್ತವೆ. ಯಾರ ವೀಸಾಕ್ಕೆ ಹೆಚ್ಚು ದಿನ ಬೇಕೋ ಅವರ ಲೆಕ್ಕದಲ್ಲೇ ಎಲ್ಲರ ಪ್ರವಾಸ ಗೊತ್ತು ಮಾಡಿ. ಮದುವೆಯ ಲಗ್ನಪತ್ರಿಕೆ, ಫೋಟೋ ಸಾಲದು, ನೋಂದಣಿ ಪ್ರಮಾಣಪತ್ರ ಬೇಕು. ಮಗು ಒಬ್ಬರೇ ಪೋಷಕರ ಜೊತೆ ಹೋಗುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ.

ಮುಂದಿನ ರಜೆಗೆ ಭೂತಾನ್ ಎಂದು ಮಾತಾಗಿದೆ. ಅಲ್ಲಿ ಪ್ರವಾಸಿಗರು ದಿನಕ್ಕಿಷ್ಟು ಎಂದು ಶುಲ್ಕ ಕಟ್ಟಬೇಕು. ಭಾರತೀಯರಿಗೆ ರಾತ್ರಿಗೆ 1,200 ರೂಪಾಯಿ, ಬೇರೆ ವಿದೇಶಿಯರಿಗೆ 100 ಡಾಲರ್, 6ರಿಂದ 12ರೊಳಗಿನ ಮಕ್ಕಳಿಗೆ ಅರ್ಧ. ತಾತ, ಅಜ್ಜಿ, ಅಮ್ಮ, ಅಪ್ಪ, ಮೊಮ್ಮಗ ಸೇರಿ ನಾಲ್ಕು ರಾತ್ರಿಗೆ ಎಷ್ಟು ರೂಪಾಯಿ, ಎಷ್ಟು ಡಾಲರ್ ಆಗುತ್ತದೆ ಎಂದು ಮೊಮ್ಮಗನಿಗೆ ಲೆಕ್ಕ ಕೊಟ್ಟಿದ್ದೇನೆ. ಮಕ್ಕಳೇ, ನೀವೂ ಮಾಡಿ ನೋಡಿ. ಉತ್ತರ ಎರಡು ನಾಣ್ಯಗಳಲ್ಲಿ ಬರುತ್ತದೆ, ಆದರೆ ಹೊರಡುವುದು ಒಂದೇ ಮನೆಯವರು.