ದಿನಗಳನ್ನು ಎಣಿಸಿದವರ ಊರು



ನಿಮ್ಮ ಮನೆಯಲ್ಲಿ ಸಂಜೆಯ ಜಪಮಾಲೆ ಇಂದಿಗೂ ನಡೆಯುತ್ತಿದೆಯೇ? ನನ್ನ ಮನೆಯಲ್ಲಿ ಅದು ಪತ್ನಿಯ ಮರಣದೊಂದಿಗೆ ನಿಂತುಹೋಗಿತ್ತು. ಪ್ರಾರ್ಥನೆಯ ಮೊದಲ ದನಿ ಯಾವಾಗಲೂ ಆಕೆಯದೇ. ಓಗೊಡುವುದಷ್ಟೇ ನನ್ನ ಪಾಲಿನದು. ಮಣ್ಣುಮಾಡಿ ಬಂದ ಸಂಜೆ ಆಕೆಯ ಜಪಮಾಲೆಯನ್ನು ಪೀಠದ ಬಳಿಯ ಮೊಳೆಗೆ ತೂಗುಹಾಕಿದೆ. ಮತ್ತೆ ಅದನ್ನು ಮುಟ್ಟಲಿಲ್ಲ. ಭಾನುವಾರದ ಬಲಿಪೂಜೆಗೆ ಹೋಗುತ್ತಿದ್ದೆನಾದರೂ ಅದು ಕೇವಲ ರೂಢಿಯಿಂದ.

ನಮ್ಮ ಮಗಳು ಜಪಾನಿನ ನಾಗಸಾಕಿಯಲ್ಲಿ ಸಂಶೋಧನೆಯಲ್ಲಿ ತೊಡಗಿದ್ದಾಳೆ. "ಒಬ್ಬರೇ ಇರಬೇಡಿ ಪಪ್ಪಾ, ಇಲ್ಲಿಗೆ ಬನ್ನಿ" ಎಂಬ ಆಕೆಯ ಒತ್ತಾಯಕ್ಕೆ ಮಣಿದು 2023ರಿಂದ 2025ರ ನಡುವೆ ನಾಲ್ಕು ಬಾರಿ ಅಲ್ಲಿಗೆ ಹೋದೆ. ನಾಲ್ಕು ಬಾರಿಯೂ ಬೇರೆ ಬೇರೆ ಋತು.

ಮೊದಲ ಸಲ ಹೋದದ್ದು ಶರತ್ಕಾಲದಲ್ಲಿ. ಅಕ್ಟೋಬರ್ 7ರಿಂದ 9ರವರೆಗೆ ಸುವಾ ದೇಗುಲದ 'ಕುಂಚಿ' ಉತ್ಸವ. ಕೋಲುಗಳ ಮೇಲೆ ಎತ್ತಿ ಆಡಿಸುವ ಉದ್ದನೆಯ ಡ್ರ್ಯಾಗನ್, ತಾಳಗಳ ಸದ್ದು, ಬೀದಿ ತುಂಬ ಜನ. ನೋಡಲು ಬಲು ಸೊಗಸು. ಆದರೆ ಈ ಉತ್ಸವ ಆರಂಭವಾದ 1634ರಲ್ಲಿ ಅದೇ ಊರಿನ ಕ್ರೈಸ್ತರು ಉಸಿರು ಬಿಗಿಹಿಡಿದು ಬದುಕುತ್ತಿದ್ದರು. 1614ರಲ್ಲಿಯೇ ಅವರ ಧರ್ಮ ದೇಶದಾದ್ಯಂತ ನಿಷೇಧವಾಗಿತ್ತು; ಊರಿನ ದೇವಾಲಯಗಳು ನೆಲಸಮವಾಗಿದ್ದವು.

ಎರಡನೆಯ ಭೇಟಿ ಫೆಬ್ರವರಿಯ ಚಳಿಯಲ್ಲಿ. ರೈಲು ನಿಲ್ದಾಣದ ಸಮೀಪವೇ ಇರುವ ನಿಶಿಜಾಕಾ ದಿಬ್ಬವನ್ನು ಹತ್ತಿದೆವು. 1597ರ ಫೆಬ್ರವರಿ 5ರಂದು ಇಲ್ಲಿ 26 ಮಂದಿಯನ್ನು ಶಿಲುಬೆಗೇರಿಸಿ ಕೊಂದರು. ಕ್ಯೋತೋದಿಂದ ಚಳಿಗಾಲದಲ್ಲಿ ನಡೆಸಿಕೊಂಡು ತಂದ ಆ ಗುಂಪಿನಲ್ಲಿ ಹನ್ನೆರಡು ವರ್ಷದ ಬಾಲಕ ಲುದೊವಿಕೊ ಇದ್ದ; ನಮ್ಮ ನಾಡಿನ ವಸಯಿಯಲ್ಲಿ ಜನಿಸಿದ ಸಂತ ಗೊನ್ಸಾಲೊ ಗಾರ್ಸಿಯಾ ಕೂಡ ಇದ್ದರು. ಮುಂದಿನ ಕಾಲದಲ್ಲಿ ಶಿಕ್ಷೆಯ ರೀತಿ ಬದಲಾಯಿತು. ವರ್ಷದ ಆರಂಭದಲ್ಲಿ ಊರವರನ್ನು ಕರೆಸಿ, ಪ್ರಭು ಯೇಸುವಿನ ಇಲ್ಲವೇ ಮಾತೆ ಮರಿಯಳ ಚಿತ್ರವನ್ನು ತುಳಿಯಿರೆಂದು ಆಜ್ಞಾಪಿಸುತ್ತಿದ್ದರು. ಎಷ್ಟೋ ಮಂದಿ ಪ್ರಾಣಭಯದಿಂದ ತುಳಿದರು; ಮನೆಗೆ ಮರಳಿ ಬಾಗಿಲು ಮುಚ್ಚಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದರು. ಅವರನ್ನು ಹೇಡಿಗಳೆನ್ನಲು ನನ್ನ ನಾಲಗೆ ಏಳಲಿಲ್ಲ.

ಮೂರನೆಯ ಭೇಟಿ 2025ರ ಮಾರ್ಚ್‌ನಲ್ಲಿ. ಚೆರ್ರಿ ಮರಗಳಲ್ಲಿ ಮೊಗ್ಗು ಬಿರಿಯುವ ಕಾಲ. ಮಗಳು ನನ್ನನ್ನು ಓರಾ ದೇವಾಲಯಕ್ಕೆ ಕರೆದೊಯ್ದಳು. ವಿದೇಶಿಯರಿಗಾಗಿ ಕಟ್ಟಿದ ಈ ದೇವಾಲಯಕ್ಕೆ 1865ರ ಮಾರ್ಚ್ 17ರಂದು ಉರಾಕಾಮಿ ಹಳ್ಳಿಯ ಕೆಲವರು ಬಂದರು. ಫ್ರೆಂಚ್ ಗುರು ಪೆತಿಜಾನರ ಬಳಿ ಒಬ್ಬ ಹೆಂಗಸು ಮೆಲ್ಲನೆ, ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಎಂದಳು. ಮಾತೆ ಮರಿಯಳ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಇನ್ನೂರು ವರ್ಷಗಳಿಗೂ ಮಿಕ್ಕಿ ಗುರುಗಳಿಲ್ಲ, ಬಲಿಪೂಜೆಯಿಲ್ಲ, ಗಂಟೆಯಿಲ್ಲ. ಆದರೂ ಪ್ರತಿ ಹಳ್ಳಿಯಲ್ಲಿ ಒಬ್ಬ ಹಿರಿಯ ಹಬ್ಬ-ಉಪವಾಸಗಳ ದಿನಗಣನೆ ಇಡುತ್ತಿದ್ದ; ಇನ್ನೊಬ್ಬ ಶಿಶುಗಳಿಗೆ ಜ್ಞಾನಸ್ನಾನ ಕೊಡುತ್ತಿದ್ದ. ಆದುದರಿಂದಲೇ ಆ ಬಡ ರೈತರು ಗುರುಗಳಿಗೆ, ಅಂದು ದುಃಖದ ಕಾಲದ ಹದಿನೇಳನೆಯ ದಿನವೆಂದು ತಿಳಿಸಿದರು. ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ!

ಆ ಪ್ರತಿಮೆಯ ಮುಂದೆ ಮಗಳು ಸಹಜವಾಗಿಯೇ ಕೇಳಿದಳು: "ಪಪ್ಪಾ, ಇವತ್ತು ತಪಸ್ಸುಕಾಲದ ಎಷ್ಟನೆಯ ದಿನ?" ನನಗೆ ಗೊತ್ತಿರಲಿಲ್ಲ. ಮನೆಯ ಎದುರಿಗೇ ದೇವಾಲಯದ ಗಂಟೆ ಇರುವವನು ನಾನು.

ನಾಲ್ಕನೆಯ ಭೇಟಿ ಆಗಸ್ಟ್‌ನ ಬೇಸಗೆಯಲ್ಲಿ. ಉರಾಕಾಮಿಯ ಕ್ರೈಸ್ತರು ಬೆಳಕಿಗೆ ಬಂದೊಡನೆ ಸುಖ ಕಾಣಲಿಲ್ಲ. 1868ರಿಂದ ಸುಮಾರು 3,400 ಮಂದಿಯನ್ನು ಗಡೀಪಾರು ಮಾಡಲಾಯಿತು. 600ಕ್ಕೂ ಹೆಚ್ಚು ಮಂದಿ ಮಡಿದರು. 1873ರಲ್ಲಿ ಬಿಡುಗಡೆಗೊಂಡು ಮರಳಿದವರು, ತಾವು ಪವಿತ್ರ ಚಿತ್ರಗಳನ್ನು ತುಳಿಯಬೇಕಾಗಿದ್ದ ಗ್ರಾಮಾಧಿಕಾರಿಯ ನಿವೇಶನವನ್ನೇ ಕೊಂಡು, 1895ರಲ್ಲಿ ದೇವಾಲಯ ಕಟ್ಟಲು ತೊಡಗಿ 1914ರಲ್ಲಿ ಪೂರೈಸಿದರು. 1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಅಣುಬಾಂಬು ಸಿಡಿದದ್ದು ಅಲ್ಲಿಂದ ಸುಮಾರು 500 ಮೀಟರ್ ದೂರದಲ್ಲಿ. ಮಾತೆಯ ಸ್ವರ್ಗಸ್ವೀಕಾರದ ಹಬ್ಬದ ಸಿದ್ಧತೆಗಾಗಿ ಒಳಗೆ ಪಾಪನಿವೇದನೆ ನಡೆದಿತ್ತು. ಸುಮಾರು 12,000 ಭಕ್ತರಲ್ಲಿ 8,500 ಮಂದಿ ಅಳಿದರು.

ಅಳಿದವರಲ್ಲಿ ಮಿದೊರಿ ಎಂಬ ಗೃಹಿಣಿಯೂ ಒಬ್ಬರು. ಅವರ ಪೂರ್ವಿಕರು ಉರಾಕಾಮಿಯಲ್ಲಿ ತಲೆತಲಾಂತರದಿಂದ ಆ ದಿನಗಣನೆ ಇಟ್ಟವರು. ಅವರ ಪತಿ ಡಾಕ್ಟರ್ ತಕಾಶಿ ನಾಗಾಯಿ ಗಾಯಾಳುಗಳ ಶುಶ್ರೂಷೆ ಮಾಡಿ ಬಳಿಕ ಮನೆಗೆ ಬಂದಾಗ ಅಡುಗೆಮನೆಯ ಜಾಗದಲ್ಲಿ ಸಿಕ್ಕಿದ್ದು ಪತ್ನಿಯ ಸುಟ್ಟ ಎಲುಬುಗಳು, ಪಕ್ಕದಲ್ಲಿ ಕರಗಿದ ಜಪಮಾಲೆ. ಆ ಪತಿ 1948ರಲ್ಲಿ ಸುಟ್ಟ ಊರಿಗೆ ಸಾವಿರ ಚೆರ್ರಿ ಸಸಿಗಳನ್ನು ಕೊಟ್ಟರು. ಅವುಗಳ ಹೂವನ್ನು ಬಹುಕಾಲ ನೋಡುವ ಭಾಗ್ಯ ಅವರಿಗಿರಲಿಲ್ಲ. ರಕ್ತದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದು 1951ರಲ್ಲಿ ತೀರಿಕೊಂಡರು.

2025ರ ಆಗಸ್ಟ್ 9ರಂದು ಮರುನಿರ್ಮಿತ ಪ್ರಧಾನಾಲಯದ ಬಳಿ ನಾವಿಬ್ಬರೂ ನಿಂತಿದ್ದೆವು. ಜೋರು ಮಳೆ ಆಗತಾನೇ ನಿಂತಿತ್ತು. ಬಾಂಬಿಗೆ ಉಳಿದ ಗಂಟೆಯೊಂದೇ ಎಂಬತ್ತು ವರ್ಷ ಮೊಳಗಿತ್ತು. ನಾಶವಾದ ಜೊತೆಗಂಟೆಯ ಸ್ಥಾನಕ್ಕೆ ಅಮೆರಿಕದ ಕಥೋಲಿಕರು ಹೊಸದೊಂದನ್ನು ಕೊಡುಗೆಯಾಗಿ ಕಳುಹಿಸಿದ್ದರು. 11 ಗಂಟೆ 2 ನಿಮಿಷಕ್ಕೆ ಎರಡೂ ಒಟ್ಟಿಗೆ ಮೊಳಗಿದವು. ಬಾಂಬು ಹಾಕಿದ ನಾಡಿನ ಗಂಟೆಗೆ, ಬಾಂಬು ಬಿದ್ದ ಊರಿನ ಗಂಟೆ ಓಗೊಡುತ್ತಿತ್ತು. ನಾನು ಅತ್ತೆ. ಪತ್ನಿ ತೀರಿಕೊಂಡ ಮೇಲೆ ಅದೇ ಮೊದಲು.

ಊರಿಗೆ ಮರಳಿದ ಸಂಜೆ ಜಪಮಾಲೆಯನ್ನು ಮೊಳೆಯಿಂದ ತೆಗೆದೆ. ಮಗಳಿಗೆ ಫೋನ್ ಮಾಡಿದಾಗ ನಮ್ಮಲ್ಲಿ ಏಳು ಗಂಟೆ, ಅಲ್ಲಿ ರಾತ್ರಿ ಹತ್ತೂವರೆ. ಈ ಬಾರಿ ಮೊದಲ ದನಿ ನನ್ನದೇ ಆಗಬೇಕಿತ್ತು. ನಡುವೆ ಎರಡು ಕಡೆ ತಪ್ಪಿದೆ. ಆಕೆ ಓಗೊಟ್ಟಳು.