ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಲಗೋರಿ ಆಡುವಾಗ ತೀರ ಎಳೆಯರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವುದು ನಮ್ಮ ಕಡೆಯ ರಿವಾಜು. ಪಾಪ, ಅವು ಔಟಾದರೂ ಯಾರಿಗೂ ಚಿಂತೆಯಿಲ್ಲ, ಗೆಲ್ಲಿಸಿದರೂ ಕೇಳುವವರಿಲ್ಲ. ಗಾಲ್ಫಿನವರು ಹಾಗಲ್ಲ. ಎಂಥ ಎಡವಟ್ಟು ಆಟಗಾರನಿಗೂ ಹ್ಯಾಂಡಿಕ್ಯಾಪ್ ಎಂದು ಒಂದಿಷ್ಟು ಹೊಡೆತ ಮಾಫಿ ಮಾಡಿ, ಪಳಗಿದವನ ಎದುರಿಗೇ ನಿಲ್ಲಿಸುತ್ತಾರೆ.

2020ರಿಂದ ಜಾರಿಯಲ್ಲಿರುವ ವಿಶ್ವ ಪದ್ಧತಿ ಕಡೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ನ್ನು ಮಾತ್ರ ಹಿಡಿಯುತ್ತದೆ. ಕೆಟ್ಟ ದಿನಗಳನ್ನು ಮೂಸಿಯೂ ನೋಡುವುದಿಲ್ಲ. ಒಬ್ಬೊಬ್ಬರೇ ಆಡುವಾಗ ಇದು ಸರಿಯೇ. ತಕರಾರು ಏಳುವುದು ಭಾನುವಾರದ ಜೋಡಿ ಪಂದ್ಯಗಳಲ್ಲಿ.

28ರ ಹ್ಯಾಂಡಿಕ್ಯಾಪಿನವರೊಬ್ಬರನ್ನು ನೋಡಿ. ಕಷ್ಟದಲ್ಲಿ ಎಂಟನೆಯದೆಂದು ಕಾರ್ಡಿನಲ್ಲಿ ಅಚ್ಚಾದ, ಪಾರ್ 4ರ ಹೋಲ್. ಮೊದಲ ಹೊಡೆತ ಪೊದೆಗೆ. ಎರಡನೆಯದು ಮರಕ್ಕೆ ಬಡಿದು, ಪೂರ್ವಜನ್ಮದ ಪುಣ್ಯದಿಂದ ಫೇರ್‌ವೇಗೆ. ಮೂರನೆಯದು ಗ್ರೀನಿಗೆ, ಮೇಲೆ ಎರಡು ಪಟ್. ಒಟ್ಟು 5. ಮಾಫಿ ಹಂಚುವುದು ಅತಿ ಕಷ್ಟದ ಹೋಲಿನಿಂದ ಶುರುಮಾಡಿ ಹೋಲಿಗೊಂದರಂತೆ, ಎಲ್ಲ ಮುಗಿದ ಮೇಲೂ ಮಿಕ್ಕರೆ ಮತ್ತೆ ಮೊದಲಿನಿಂದ; ಹಾಗಾಗಿ ಇಲ್ಲಿ ಎರಡು ಹೊಡೆತ ಮಾಫಿ, ಉಳಿದದ್ದು 3. ಗೆರೆ ಎಳೆದಂತೆ ಆಡಿ 4 ಬರೆಸಿದ ಎದುರಾಳಿಯ ಹ್ಯಾಂಡಿಕ್ಯಾಪ್ 6, ಅವರಿಗೆ ಇಲ್ಲಿ ಏನೂ ಇಲ್ಲ. ಮುಂದಿನ ಹೋಲಿನಲ್ಲಿ ನಮ್ಮವರು 9 ಹೊಡೆಯುತ್ತಾರೆ. ಹೊಡೆಯಲಿ ಬಿಡಿ, ಜೋಡಿಯಲ್ಲಿ ಚೆನ್ನಾಗಿ ಆಡಿದವರ ಅಂಕವಷ್ಟೇ ಲೆಕ್ಕ. ಇವರ ಒಂಬತ್ತನ್ನು ಜತೆಗಾರ ನುಂಗಿಕೊಳ್ಳುತ್ತಾನೆ. ಏರುಪೇರಿನ ಆಟಗಾರರಿಗೆ ಜೋಡಿ ಪಂದ್ಯ ಸುಗ್ಗಿ.

ಅದಕ್ಕೇ ಸ್ಟ್ರೋಕ್ ಪ್ಲೇ ಜೋಡಿ ಪಂದ್ಯದಲ್ಲಿ ಹ್ಯಾಂಡಿಕ್ಯಾಪಿನ ಶೇ. 85 ಮಾತ್ರ ಕೊಡುವ ಶಿಫಾರಸು. 28 ಇದ್ದದ್ದು 24 ಆಗುತ್ತದೆ, 6 ಇದ್ದದ್ದು 5. ಕಡಿತ ಎಲ್ಲರಿಗೂ ಒಂದೇ ದರದ್ದು, ಪೆಟ್ಟು ಬೀಳುವುದು ದೊಡ್ಡ ಅಂಕಿಯವರಿಗೆ. ಅದೇ ಪೊದೆಯ ಹೋಲಿನಲ್ಲಿ 28ರವರಿಗೆ ಈಗ ಒಂದೇ ಮಾಫಿ, ಇಬ್ಬರದೂ 4. ದುರ್ಬಲರಿಗೆ ಅನ್ಯಾಯ ಎಂದು ಗೊಣಗುವವರು ಈ ಕಾರ್ಡನ್ನೊಮ್ಮೆ ನೋಡಬೇಕು. ನನಗಂತೂ ಇದೇ ನ್ಯಾಯವಾಗಿ ಕಾಣುತ್ತದೆ.

ಒಂದು ಹೋಲ್ ಕೆಟ್ಟರೆ ದಿನವೇ ಕೆಟ್ಟಿತೆಂಬ ಗೋಳಿಗೆ ಮದ್ದು ಕೊಟ್ಟವರೂ ಒಬ್ಬ ಡಾಕ್ಟರೇ. ಇಂಗ್ಲೆಂಡಿನ ಕಡಲ ತಡಿಯ ವಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಪಂದ್ಯಕ್ಕಿಳಿದ ಫ್ರಾಂಕ್ ಸ್ಟೇಬಲ್‌ಫರ್ಡರ ಅಂಕಪದ್ಧತಿಯಲ್ಲಿ ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲ. ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಕ್ಕೆ ನಡೆಯುವುದು.

ಬೇಕೆಂದೇ ಮಾಮೂಲಿ ದಿನಗಳಲ್ಲಿ ಗೇಣುದ್ದದ ಪಟ್ ತಪ್ಪಿಸಿ ಹ್ಯಾಂಡಿಕ್ಯಾಪ್ ಬೆಳೆಸಿಕೊಳ್ಳುವ ಮಹಾಶಯರಿದ್ದಾರಲ್ಲ, ಅವರಿಗೆ ಮದ್ದು ಕಷ್ಟ. ತಮ್ಮ ಅಂಕಿಗಿಂತ 7 ಅಥವಾ ಹೆಚ್ಚು ಹೊಡೆತ ಚೆನ್ನಾಗಿ ಆಡಿದರೆ ಹೆಚ್ಚುವರಿ ಕತ್ತರಿ ಬೀಳುತ್ತದೆ, ನಿಜ; ಆದರೆ ಬಹುಮಾನ ಹಂಚಿದ ಮೇಲೆ. ಅಲ್ಲಿಯವರೆಗೆ ಕ್ಲಬ್ಬಿನ ಕಾಫಿ ಮೇಜೇ ನ್ಯಾಯಾಲಯ.

“ಅಲ್ರೀ, ಹೋದ ತಿಂಗಳೆಲ್ಲ ಬೆನ್ನುನೋವು ಅಂತಿದ್ರಿ?”

“ಈಗ ವಾಸಿ ಸಾರ್.”

“ಸರಿಯಾಗಿ ಪಂದ್ಯದ ದಿನಕ್ಕೇ?”

“ಡಾಕ್ಟ್ರು ಒಳ್ಳೆಯವರು.”