ನಡುದಾರಿಯ ತೆರಹ

ವಂಶಾವಳಿ ಬಂತೆಂದರೆ ಪುಟ ಮಗುಚುವ ದುರಭ್ಯಾಸ ನನ್ನದು. ಇಂಥವನು ಇಂಥವನನ್ನು ಪಡೆದ, ಆಮೇಲೆ ಇಷ್ಟು ವರ್ಷ ಬಾಳಿದ. ಇದನ್ನು ಎಷ್ಟೆಂದು ಓದುವುದು? ಬೈಬಲಿನ ಆದಿಕಾಂಡದ 11ನೆಯ ಅಧ್ಯಾಯವನ್ನೂ ಹಾಗೇ ಹಾರಿಸುತ್ತಿದ್ದವನು ಕೊನೆಯಲ್ಲಿ ತೆರಹನ ಕೈಗೆ ಸಿಕ್ಕಿಬಿದ್ದೆ. ಅಬ್ರಹಾಮನ ಅಪ್ಪ. ಅವನಿಗೆ ಬೇರೆ ವಿಳಾಸವಿಲ್ಲ.

ಅವನಿದ್ದದ್ದು ಕಲ್ದೀಯರ ಊರ್ ಪಟ್ಟಣದಲ್ಲಿ. ಯಾವ ಊರು ಎಂದು ಯಾರಾದರೂ ಕೇಳಿದರೆ ಊರೇ ಎನ್ನಬೇಕು. ಈ ತಮಾಷೆ ಕನ್ನಡದವರಿಗೆ ಮಾತ್ರ ದಕ್ಕುವಂಥದು. ಅಲ್ಲಿ ಅವನ ಕಣ್ಣೆದುರೇ ಮಗ ಹಾರಾನ ತೀರಿಕೊಂಡ. ಆಮೇಲೆ ಇನ್ನೊಬ್ಬ ಮಗ ಅಬ್ರಹಾಮ, ಸೊಸೆ ಸಾರಯ, ತಬ್ಬಲಿ ಮೊಮ್ಮಗ ಲೋಟ, ಇವರನ್ನು ಕಟ್ಟಿಕೊಂಡು ಮುದುಕ ಕಾನಾನಿಗೆ ಹೊರಟ. ಹೊರಡೆಂದು ಅವನಿಗೆ ದೇವವಾಣಿಯಾದಂತೆ ಆ ಅಧ್ಯಾಯ ಹೇಳುವುದಿಲ್ಲ. ಮಗ ಸತ್ತ ಮನೆಯಲ್ಲಿ ಇರಲಾರದೆ ಹೊರಟನೇನೋ. ಆದರೆ ಖಾರಾನಿನವರೆಗೆ ಬಂದವನು ಅಲ್ಲೇ ನಿಂತುಬಿಟ್ಟ.

ಸತ್ತ ಮಗನ ಹೆಸರಿನ ಊರು ಕಂಡು ಕಾಲು ಏಳಲಿಲ್ಲ ಎಂದು ನಾನೊಂದು ಕಥೆ ಕಟ್ಟಹೊರಟಿದ್ದೆ. ಹೀಬ್ರೂ ಅಡ್ಡಬಂತು. ಮಗನ ಹೆಸರಿನ ಮೊದಲಕ್ಷರ ಬೇರೆ, ಊರಿನ ಹೆಸರಿನದು ಬೇರೆ. ಇಂಗ್ಲಿಷಿನಲ್ಲಿ ಅಳಿಸಿಹೋಗುವ ಈ ವ್ಯತ್ಯಾಸವನ್ನು ಕನ್ನಡ ಬೈಬಲು ಉಳಿಸಿಕೊಂಡಿದೆ. ಹೋಗಲಿ. ಈಗಿನ ಟರ್ಕಿಯಲ್ಲಿ, ಸಿರಿಯಾದ ಗಡಿಗೆ ಹತ್ತಿರದಲ್ಲಿರುವ ಖಾರಾನಿನಲ್ಲಿ ಸಿನ್ ಎಂಬ ಚಂದ್ರದೇವನ ಹೆಸರಾಂತ ಗುಡಿಯಿತ್ತು. ಊರ್ ಪಟ್ಟಣದ ದೇವರೂ ಅವನೇ. ತೆರಹ ಅನ್ಯದೇವತೆಗಳನ್ನು ಪೂಜಿಸುತ್ತಿದ್ದನೆಂದು ಯೆಹೋಶುವನ ಗ್ರಂಥ ಹೇಳುತ್ತದೆ. ಬಿಟ್ಟುಬಂದ ದೇವರೇ ಹೊಸ ಜಾಗದಲ್ಲೂ ಎದುರಾದರೆ ಮುದುಕನಿಗೆ ಮುಂದೆ ನಡೆಯುವ ಮನಸ್ಸು ಎಲ್ಲಿಂದ ಬರಬೇಕು?

ಯೆಹೂದ್ಯರ ಮಿದ್ರಾಷ್ ಕಥೆಗಳು ಅವನನ್ನು ವಿಗ್ರಹ ಮಾರುವ ಅಂಗಡಿಯಲ್ಲಿ ಕೂರಿಸಿವೆ. ಅಪ್ಪ ಹೊರಗೆ ಹೋದಾಗ ಮಗ ಅಬ್ರಹಾಮ ವಿಗ್ರಹಗಳನ್ನೆಲ್ಲ ಒಡೆದು, ದೊಡ್ಡದರ ಕೈಗೆ ಕೋಲು ಕೊಟ್ಟು, ಇವನೇ ಒಡೆದದ್ದು ಅಂದನಂತೆ. ಕೇಳುವವರಿಗೆ ನಗು, ನಷ್ಟ ತೆರಹನದು.

ಲೆಕ್ಕದಲ್ಲೂ ಅವನಿಗೆ ಅನ್ಯಾಯವೇ. 70ಕ್ಕೆ ಮಗನನ್ನು ಪಡೆದ, 205ಕ್ಕೆ ಸತ್ತ. ಮಗ ಖಾರಾನ್ ಬಿಟ್ಟದ್ದು ತನ್ನ 75ನೆಯ ವಯಸ್ಸಿಗೆ. ಅಂದರೆ ಅಪ್ಪ ಆಮೇಲೂ 60 ವರ್ಷ ಬದುಕಿದ್ದ. ಆದರೂ ಅವನ ಸಾವು ಮಗನ ಪ್ರಯಾಣಕ್ಕೆ ಮುಂಚೆಯೇ ಬರೆದಾಗಿದೆ. ಮುಪ್ಪಿನ ಅಪ್ಪನನ್ನು ಬಿಟ್ಟುಹೋದನೆಂದು ಜನ ಆಡಿಕೊಳ್ಳದಿರಲಿ ಎಂದೇ ಹೀಗೆ ಬರೆದದ್ದು ಎನ್ನುತ್ತಾನೆ 11ನೆಯ ಶತಮಾನದ ವ್ಯಾಖ್ಯಾನಕಾರ ರಾಶಿ. ಮಗನ ಮಾನಕ್ಕಾಗಿ ಅಪ್ಪ 60 ವರ್ಷ ಮೊದಲೇ ಸಾಯಬೇಕಾಯಿತು.

ಅಬ್ರಹಾಮನ ಮೊಮ್ಮಗ ಯಾಕೋಬ ಅಣ್ಣನಿಗೆ ಹೆದರಿ ಓಡಿದ್ದು ಈ ಖಾರಾನಿಗೇ. 20 ವರ್ಷ ಅಲ್ಲಿದ್ದ. ಅವನ 12 ಗಂಡುಮಕ್ಕಳಲ್ಲಿ 11 ಮಂದಿ ಹುಟ್ಟಿದ್ದು ತೆರಹ ನಿಂತುಬಿಟ್ಟ ಆ ಸೀಮೆಯಲ್ಲಿ.